ದುಡಿಮೆಯೂ ವಿಶ್ವಾಸವೂ

ದುಡಿಮೆಯನ್ನು ಹೊಗಳುವವರು ನಮ್ಮ ನಾಡಿನಲ್ಲಿ ಎಂದೂ ಕಡಿಮೆಯಾಗಿಲ್ಲ. ಶಾಲೆಯ ಗೋಡೆಯ ಮೇಲೆ, ಕಚೇರಿಯ ಬಾಗಿಲ ಮೇಲೆ, ಲಾರಿಗಳ ಬೆನ್ನ ಮೇಲೂ ಆ ಹೊಗಳಿಕೆಯನ್ನು ಓದುತ್ತೇವೆ. ಹೊಗಳುವವನ ಅಂಗೈಯನ್ನು ತಿರುಗಿಸಿ ನೋಡುವ ರೂಢಿ ಮಾತ್ರ ನಮ್ಮಲ್ಲಿಲ್ಲ. ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಘದ ಮಿತ್ರರು ಕೇಳಿದಾಗ, ಕೆಲವು ವರ್ಷಗಳಿಂದ ನಮ್ಮನ್ನು ಬಿಡದೆ ಕಾಡುತ್ತಿರುವ ಪ್ರಶ್ನೆಯನ್ನೇ ಎತ್ತಿಕೊಳ್ಳಬೇಕೆನಿಸಿತು. ದುಡಿದು ತಿನ್ನುವ ಮನುಷ್ಯನು, ದುಡಿಯದೆ ದೊರೆಯುವುದೆಂದು ಹೇಳಲಾಗುವ ದೇವರ ಕೃಪೆಯನ್ನು ಯಾವ ಮನಸ್ಸಿನಿಂದ ಸ್ವೀಕರಿಸಬೇಕು?

ನಮ್ಮದು ಬೆಳುಗುಪ್ಪದ ಕೆಂಪು ನೆಲ. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬಿದ್ದರೆ ಅದೇ ಭಾಗ್ಯವೆನ್ನುವ ಜಿಲ್ಲೆ. ಕಡಲೆಕಾಯಿಯೇ ನಮ್ಮ ಜೂಜು. ನೆರೆಯ ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಗೆರೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಸಂತೆಯಲ್ಲಿ ತೆಲುಗು, ಪ್ರಾರ್ಥನೆಯಲ್ಲಿ ಕನ್ನಡ, ಇದು ನಮ್ಮಂಥ ಗಡಿಯ ಕ್ರೈಸ್ತ ಕುಟುಂಬಗಳ ರೀತಿ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸಲು ಕುಳಿತ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದ ಫಲ ಹೀಗೆ ನಮ್ಮ ಮನೆಗಳ ಬಾಯಲ್ಲಿ ಉಳಿದಿದೆ. ನಿವೃತ್ತಿಯ ನಂತರ ನಾವು ಹಿರಿಯರ ಮೂರೆಕರೆ ಹೊಲಕ್ಕೆ ಮರಳಿದೆವು. ಸೀಮೆಸುಣ್ಣ ಹಿಡಿದ ಕೈಗೆ ಗುದ್ದಲಿ ಬಂತು.

ನಮ್ಮಂಥ ಕುಟುಂಬಗಳಿಗೆ ಬಾಲ್ಯದಿಂದಲೂ ಕೇಳಿ ಅಭ್ಯಾಸವಾದ ಒಂದು ಮಾತಿದೆ: ಇವರ ಮುತ್ತಜ್ಜಂದಿರು ಗಂಜಿಗಾಗಿ ಮತ ಬಿಟ್ಟವರು. ಧಾತು-ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 78ರವರೆಗಿನ ಕ್ಷಾಮ ಈ ಸೀಮೆಯನ್ನು ಬರಿದುಮಾಡಿತು. ಹಸಿದವನು ಗಂಜಿ ಕೊಟ್ಟವನ ದೇವರಿಗೆ ಕೈಮುಗಿದರೆ ಅದು ಭಕ್ತಿಯೋ ಹೊಟ್ಟೆಯ ಲೆಕ್ಕವೋ ಎಂಬ ಸಂದೇಹವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಅದೇ ಕ್ಷಾಮದಲ್ಲಿ ತೆಲುಗು ಕರಾವಳಿಯ ಒಂಗೋಲಿನಲ್ಲಿ ನಡೆದ ಸಂಗತಿಯೊಂದು ಇಲ್ಲಿ ವಿಚಾರಾರ್ಹ. ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನ ಜಾನ್ ಕ್ಲೌ ಎಂಬವರು ಬಕಿಂಗ್‌ಹ್ಯಾಮ್ ಕಾಲುವೆಯ ಸುಮಾರು ಮೂರೂವರೆ ಮೈಲಿ ಅಗೆತವನ್ನು ಸರ್ಕಾರದಿಂದ ಗುತ್ತಿಗೆ ಹಿಡಿದು, ಹಸಿದ ಜನರಿಗೆ ಕೂಲಿಯ ಕೆಲಸ ಕೊಟ್ಟರು. ಬಿಡುವಿನಲ್ಲಿ ಬೋಧನೆ ನಡೆಯುತ್ತಿತ್ತು. ಜನ ದೀಕ್ಷೆ ಕೇಳಿದರು, ಅವರು ಕೊಡಲಿಲ್ಲ. ಪರಿಹಾರದ ನೆರವು ನಿಂತು, ಇನ್ನು ಕೊಡಲು ಕೈಯಲ್ಲಿ ಏನೂ ಇಲ್ಲವೆಂದಾದ ಮೇಲೆ ದೀಕ್ಷೆ ಆರಂಭವಾಯಿತು. 1878ರ ಜುಲೈ 3ರಂದು ಒಂದೇ ದಿನ ಗುಂಡ್ಲಕಮ್ಮ ನದಿಯಲ್ಲಿ 2,222 ಮಂದಿ ಸ್ನಾನದೀಕ್ಷೆ ಪಡೆದರು. ಸಂಖ್ಯೆಯನ್ನು ನೋಡಿ ಬೆರಗಾಗುವವರು ಆಗಲಿ. ನಮಗೆ ಬೆರಗು ಹುಟ್ಟಿಸುವುದು ಆ ತಡೆದು ನಿಂತ ತಿಂಗಳುಗಳು. ಮಣ್ಣು ಹೊತ್ತು ಕೂಲಿ ಪಡೆದವನ ಮೇಲೆ ಯಾರ ಹಂಗೂ ಇರುವುದಿಲ್ಲ. ಆಮೇಲೆ ಅವನು ಬಾಗಿದರೆ ಅದು ಅವನದೇ ತಲೆ.

ನಮ್ಮ ಕನ್ನಡ ಕರಾವಳಿಯ ಕಥೆ ಇಷ್ಟು ಸರಳವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಬಳಿ ದೀಕ್ಷೆ ಪಡೆದವರು ಮನೆ, ಆಸ್ತಿ, ಕುಲಕಸುಬು ಮೂರನ್ನೂ ಕಳೆದುಕೊಳ್ಳುತ್ತಿದ್ದರು. ಬಿಲ್ಲವರು ಕಳ್ಳು ಇಳಿಸುವ ಕಸುಬನ್ನೇ ಬಿಡಬೇಕಾಯಿತು. ಅವರಿಗಾಗಿ 1851ರಲ್ಲಿ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾದವು. ಮಂಗಳೂರು ಹೆಂಚಿನ ಖ್ಯಾತಿ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಕೂಲಿ ಕೊಡುವ ಕೈಯೂ ಉಪದೇಶಿಸುವ ಬಾಯಿಯೂ ಒಂದೇ ಸಂಸ್ಥೆಯದಾಗಿದ್ದವು. ಜೇಡಿಮಣ್ಣು ತುಳಿಯುತ್ತಿದ್ದ ಆ ಕಾರ್ಮಿಕನು ಮನಸ್ಸಿನಲ್ಲಿ ಮಾಡಿಕೊಂಡ ಪ್ರಾರ್ಥನೆ ಯಜಮಾನನ ಕಿವಿಗಾಗಿ ಇರಲಿಲ್ಲವೆಂದು ಅವನಲ್ಲದೆ ಬೇರಾರು ಹೇಳಬಲ್ಲರು? ಮಿಷನ್ನಿನ ಉಪಕಾರವನ್ನು ನಾವು ಅಲ್ಲಗಳೆಯುತ್ತಿಲ್ಲ. ಉಪಕಾರವು ತನ್ನ ಬೆಲೆಯನ್ನು ಕೇಳದೆಯೇ ವಸೂಲುಮಾಡಬಲ್ಲುದೆಂದು ಮಾತ್ರ ಹೇಳುತ್ತಿದ್ದೇವೆ. ನಮ್ಮ ಜಿಲ್ಲೆಯವರಿಗೆ ಪರಿಚಯ ಬೇಡದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು, ಮರುವರ್ಷವೇ ಜೆಸ್ವಿಟ್ ಸಂಘವನ್ನು ಬಿಟ್ಟರು. ಪಾದ್ರಿಯ ನಿಲುವಂಗಿ ಕಳಚಿದ ಮೇಲೂ 2009ರಲ್ಲಿ ತೀರಿಕೊಳ್ಳುವವರೆಗೆ ಅವರ ಕೆಲಸ ನಿಲ್ಲಲಿಲ್ಲ. ಅದರ ಕಾರಣಗಳು ಏನೇ ಇರಲಿ, ಅವರಿಂದ ಬಾವಿಯನ್ನೋ ಮನೆಯನ್ನೋ ಪಡೆದ ರೈತ ಪ್ರತಿಯಾಗಿ ಯಾವ ಪ್ರಾರ್ಥನೆಯನ್ನೂ ಒಪ್ಪಿಸಬೇಕಾಗಿರಲಿಲ್ಲ.

ಈ ಎಡವಟ್ಟನ್ನು ಎಲ್ಲರಿಗಿಂತ ಮೊದಲೇ ಕಂಡವರು ಪೌಲರು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರೆಂಬ ದಂಪತಿಗಳ ಜೊತೆ ಕುಳಿತು ಗುಡಾರ ಹೊಲಿಯುತ್ತ ಅವರು ಬೋಧಿಸಿದರು. ಬೋಧಕನಿಗೆ ಊಟ ಕೇಳುವ ಹಕ್ಕು ಇದೆಯೆಂದು ಅವರೇ ವಾದಿಸುತ್ತಾರೆ. ವಾದಿಸಿ, ತಾವು ಆ ಹಕ್ಕನ್ನು ಬಳಸಲಿಲ್ಲವೆನ್ನುತ್ತಾರೆ. ಎಫೆಸದ ಹಿರಿಯರನ್ನು ಬೀಳ್ಕೊಡುವಾಗ ಅವರು ಮುಂದಿಟ್ಟ ಸಾಕ್ಷಿ ತಮ್ಮ ಎರಡು ಕೈಗಳು. ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ. ಶರಣರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಗಂಡ ಮಾರಯ್ಯನ ಕಾಯಕ. ಒಂದು ದಿನ ಬಸವಣ್ಣನವರು ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದರಂತೆ. ಮಾರಯ್ಯ ಹಿಗ್ಗಿನಿಂದ ಹೊತ್ತು ತಂದ. ಲಕ್ಕಮ್ಮ ಒಂದೇ ನೋಟಕ್ಕೆ ಅಳತೆ ಕಂಡು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವಾಗ ಉನ್ನತ ವಿಚಾರಗಳು ಬರುತ್ತವೆಂದು ಯಾರೂ ಭ್ರಮಿಸಬಾರದು. ಮೊದಲ ಅರ್ಧ ಗಂಟೆ ಸಂಜೆಯ ಔಷಧಿಯ ಚಿಂತೆ. ಆಮೇಲೆ ಸೊಂಟದ್ದೇ ಚಿಂತೆ. ಬಿಸಿಲೇರಿದಂತೆ ಪ್ರಾರ್ಥನೆ ಕುಗ್ಗುತ್ತ ಕುಗ್ಗುತ್ತ ಎರಡು ಮಾತಿಗೆ, ಕೊನೆಗೆ ಬರಿಯ ಉಸಿರಿಗೆ ಇಳಿಯುತ್ತದೆ. ದೇವಾಲಯದಲ್ಲಿ ನಿಂತು ನಾವು ಮಾಡುತ್ತಿದ್ದ ದೀರ್ಘ ಪ್ರಾರ್ಥನೆಗಳಲ್ಲಿ ವ್ಯಾಕರಣ ಹೆಚ್ಚಾಗಿತ್ತೆಂದು ಅಲ್ಲಿ ತಿಳಿಯುತ್ತದೆ. ಆದರೂ ನಮ್ಮ ದುಡಿಮೆ ಪಿಂಚಣಿ ಬರುವವನ ದುಡಿಮೆ. ನಮ್ಮ ಮುನುಮಿನ ಪಕ್ಕದಲ್ಲಿಯೇ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಇದನ್ನು ನಮಗಿಂತ ಚೆನ್ನಾಗಿ ಹೇಳಿದಳು: "ನಿಮಗೆ ಸಾಕಾದ್ರೆ ಎದ್ದು ಹೋಗ್ತೀರಿ ಮೇಷ್ಟ್ರೇ. ನಮಗೆ ಸಾಕಾಗೋದು ಹೊತ್ತು ಮುಳುಗಿದ ಮೇಲೇನೇ."

ಇಲ್ಲಿ ನಮ್ಮ ಭಾಷೆಯ ಒಂದು ಪದ ನೆನಪಾಗುತ್ತದೆ. ಬಿಟ್ಟಿ ಎಂದರೆ ಹಿಂದೆ ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುತ್ತಿದ್ದ ಚಾಕರಿ. ಇಂದು ಅದೇ ಪದಕ್ಕೆ ದುಡಿಯದೆ ಬಂದದ್ದು ಎಂಬ ಅರ್ಥ. ಒಬ್ಬನು ಬಿಟ್ಟಿ ದುಡಿದರೆ ತಾನೆ ಇನ್ನೊಬ್ಬನಿಗೆ ಬಿಟ್ಟಿ ಸಿಗುವುದು! ಆದ್ದರಿಂದಲೇ ದುಡಿಯುವವರಿಗೆ ಪುಕ್ಕಟೆಯೆಂಬುದರ ಮೇಲೆ ಅನುಮಾನ. ಆದರೆ ಕ್ರೈಸ್ತ ವಿಶ್ವಾಸದ ನಡುಗಂಬವೇ ಪುಕ್ಕಟೆ: ಕೃಪೆ ಸಂಬಳವಲ್ಲ, ಗಳಿಸಲು ಬರುವುದಿಲ್ಲ. ದ್ರಾಕ್ಷಿತೋಟದ ಸಾಮತಿಯಲ್ಲಿ ಬೆಳಗಿನಿಂದ ಬಿಸಿಲುಂಡವರಿಗೂ ಸಂಜೆ ಒಂದು ಗಂಟೆ ದುಡಿದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಇದನ್ನು ಓದಿದ ರೈತಮಿತ್ರರೊಬ್ಬರು, ಹಾಗಾದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಯಾರು ಬರುತ್ತಾರೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಸಾಮತಿಯಲ್ಲಿ ತಡವಾಗಿ ಬಂದವರು ಸೋಮಾರಿಗಳಲ್ಲ. ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಅವರೇ ಹೇಳುತ್ತಾರೆ. ನಮ್ಮೂರಿನಲ್ಲಿಯೂ ಬೆಳಿಗ್ಗೆ ಕೂಲಿಗೆ ನಿಂತ ಗುಂಪಿನಲ್ಲಿ ಕೊನೆಗೆ ಉಳಿಯುವವರು ಮುದುಕರು, ಬಡಕಲು ಮೈಯವರು. ಸಂಜೆ ಅವರ ಹೊಟ್ಟೆ ಅರ್ಧ ಹಸಿಯುವುದಿಲ್ಲ.

ಕಳೆದ ಹಂಗಾಮಿನಲ್ಲಿ ಕಾಯಿ ಬಿಡಿಸುವಾಗ, ಬಿಡಿಸಿದ ಅಳತೆಗೆ ತಕ್ಕಂತೆ ಕೂಲಿ ಎಂದು ಮಾತಾಗಿತ್ತು. ಆ ಮುದುಕಿಯ ರಾಶಿ ಉಳಿದವರ ಅರ್ಧಕ್ಕೂ ಬರಲಿಲ್ಲ. ನಾವು ಸಾಮತಿಯನ್ನು ನೆನೆದು ಪೂರ್ತಿ ಕೂಲಿ ಕೊಟ್ಟೆವು. ಆಕೆ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಹೆಚ್ಚಿದ್ದ ನೋಟುಗಳನ್ನು ಬೇರೆ ಮಾಡಿ ನಮ್ಮ ಮುಂದೆ ಚಾಚಿ, "ಬಿಟ್ಟಿ ದುಡ್ಡು ನನಗ್ಯಾಕೆ ಮೇಷ್ಟ್ರೇ, ಇಟ್ಕಳಿ" ಎಂದಳು. ಸಿಟ್ಟಿರಲಿಲ್ಲ, ಲೆಕ್ಕ ಸರಿಪಡಿಸುವ ಧ್ವನಿ. ಒಂದು ಕಡೆ ಪ್ರಭುವಿನ ಸಾಮತಿ, ಇನ್ನೊಂದು ಕಡೆ ಅಕ್ಷರ ಬಾರದ ಲಕ್ಕಮ್ಮ. ನಡುವೆ ನಾವು ಆ ನೋಟುಗಳನ್ನು ಹಿಡಿದು ನಿಂತೆವು.

ಆಮೇಲೆ ತುಂಬ ಯೋಚಿಸಿದೆವು. ಕೊಡುವುದು ನಮಗೆ ಸುಲಭವಾಗಿತ್ತು, ಏಕೆಂದರೆ ನಮ್ಮ ಕೊಡುಗೆಗೆ ಒಂದು ಮುಖವಿತ್ತು; ಆಕೆ ನಾಳೆಯೂ ಆ ಮುಖವನ್ನು ನೋಡಬೇಕಾಗಿತ್ತು. ಮಳೆಗೆ ಮುಖವಿಲ್ಲ. ಕೃಪೆಯೆಂದರೆ ಹಂಗು ಹೊರಿಸದ ಕೊಡುಗೆಯೆಂದಾದರೆ, ಅದನ್ನು ಪಡೆಯುವುದಕ್ಕಿಂತ ಕೊಡಲು ಕಲಿಯುವುದೇ ಮನುಷ್ಯರಿಗೆ ಕಠಿಣ. ಹಳೆಯ ಒಡಂಬಡಿಕೆಯ ಕಟ್ಟಳೆಗೆ ಇದು ಗೊತ್ತಿತ್ತು: ಬಡವನಿಗೆ ತೆನೆ ಕೊಡು ಎನ್ನದೆ, ಹೊಲದ ಅಂಚನ್ನು ಕೊಯ್ಯದೆ ಬಿಡು, ಉದುರಿದ್ದನ್ನು ಆಯಬೇಡ ಎಂದು ಅದು ವಿಧಿಸುತ್ತದೆ. ಬೋವಜನು ಒಂದು ಹೆಜ್ಜೆ ಮುಂದೆ ಹೋಗಿ, ಹಕ್ಕಲಾಯಲು ಬಂದ ವಿಧವೆ ರೂತಳ ದಾರಿಯಲ್ಲಿ ತೆನೆಗಳನ್ನು ಬೇಕೆಂದೇ ಬೀಳಿಸಿರೆಂದು ಆಳುಗಳಿಗೆ ಹೇಳಿದ. ರೂತಳು ಆಯ್ದಳು; ಆಯ್ದದ್ದು ಆಕೆಯ ದುಡಿಮೆಯೇ ಆಯಿತು.

ಕಾಯಿ ಕಿತ್ತ ಹೊಲದಲ್ಲಿ ಆ ಮುದುಕಿ ಮರುದಿನವೇ ಹಕ್ಕಲಿಗೆ ಬಂದಿದ್ದಳು. ಮಣ್ಣು ಕೆದರಿ ಕೆದರಿ ಎರಡು ಸೇರಿನಷ್ಟು ಕಾಯಿ ಸೆರಗಿಗೆ ಕಟ್ಟಿಕೊಂಡು, ನಮ್ಮನ್ನು ಕಂಡು ಸಂಕೋಚವಿಲ್ಲದೆ ನಕ್ಕಳು. ಈ ಸಲ ಬೆಳೆ ಪರವಾಗಿಲ್ಲ. ಬಳ್ಳಿ ಕೀಳುವಾಗ ಪೂರ್ವದ ಬದುವಿನ ಕಡೆ ಒಂದಿಷ್ಟು ಹೆಚ್ಚು ಉದುರಲಿ ಎಂದು ಆಳುಗಳಿಗೆ ಹೇಳಬೇಕೆಂದಿದ್ದೇವೆ. ಆಕೆಯ ಕಣ್ಣು ಲಕ್ಕಮ್ಮನ ಕಣ್ಣು. ಅಳತೆ ಗೊತ್ತಾಗದಿದ್ದರೆ ಸಾಕು.