ಪಟ್ಟಿಯಲ್ಲಿ ನಮ್ಮೂರು

ಯುಗಾದಿಗೆ ಅಕ್ಕನ ಮಗ ಬಂದಿದ್ದ. ಬೆಂಗಳೂರಿನ ಸಿದ್ಧ ಉಡುಪಿನ ಕಂಪನಿಯೊಂದರ ಆಫೀಸಿನಲ್ಲಿ ಅವನಿಗೆ ಕೆಲಸ. ಒಬ್ಬಟ್ಟು ತಿಂದು ಕೈ ತೊಳೆದವನೇ ಲ್ಯಾಪ್‌ಟಾಪ್ ಬಿಚ್ಚಿ ಕೂತ. ಹಬ್ಬದ ದಿನವೂ ಇದೇನಪ್ಪಾ ಎಂದು ಗೊಣಗುತ್ತ ಹತ್ತಿರ ಹೋದರೆ ಪರದೆಯ ಮೇಲೊಂದು ಪಟ್ಟಿ. ಎಡಗಡೆ ಊರುಗಳ ಹೆಸರು. ಎದುರಿಗೆ ಕೂಲಿ, ಕಟ್ಟಡದ ಬಾಡಿಗೆ, ಕರೆಂಟು, ಬಂದರಿನವರೆಗೆ ಲಾರಿ ಖರ್ಚು. ಕಾರ್ಖಾನೆಯನ್ನು ಎಲ್ಲಿ ಹಾಕಿದರೆ ಅಗ್ಗ ಎಂಬ ಲೆಕ್ಕವಂತೆ. “ಚಿಕ್ಕಮ್ಮ, ನಿಮ್ಮೂರೂ ಇದೆ ನೋಡಿ” ಎಂದ.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಂಡ್ಯ ಜಿಲ್ಲೆಯ ನಮ್ಮ ಪುಟ್ಟ ಊರಿನಲ್ಲಿ ಪಿಯುಸಿ ಮುಗಿಸಿದ ಹುಡುಗಿಯರಿಗೆ ಇರುವುದು ಎರಡೇ ದಾರಿ, ಮದುವೆ ಇಲ್ಲವೇ ಬೆಂಗಳೂರಿನ ಬಸ್ಸು. ಕೆಲಸವೇ ಬಾಗಿಲಿಗೆ ಬರುತ್ತದೆಂದರೆ! ನಮ್ಮ ಯಜಮಾನರಂತೂ ಹಿತ್ತಲಿನ ಎರಡು ಕೋಣೆಗಳ ಬಾಡಿಗೆಯನ್ನು ಕೂತಲ್ಲೇ ಸಾವಿರ ರೂಪಾಯಿ ಏರಿಸಿಬಿಟ್ಟರು. ಸುಳ್ಳೇಕೆ ಹೇಳಲಿ, ನಾನೂ ತಲೆಯಾಡಿಸಿದೆ.

ಹೊಸ ಕಾರ್ಖಾನೆ ಹಾಕುವುದೆಂದರೆ ಬೆಂಗಳೂರಿನ ಹಳೆಯದನ್ನು ಮುಚ್ಚುವುದು ಎಂದು ತಿಳಿದದ್ದು ಆಮೇಲೆ. “ಸದ್ಯಕ್ಕೆ ಯಾರಿಗೂ ಹೇಳಬೇಡಿ” ಎಂದ ಹುಡುಗ. ಆ ಹಳೆಯ ಕಾರ್ಖಾನೆಯಲ್ಲಿ 12 ವರ್ಷಗಳಿಂದ ಕಾಲರ್ ಹೊಲಿಯುತ್ತಿರುವ ಹೆಂಗಸೊಬ್ಬಳು ಹಿಂದೆ ನಮ್ಮ ಹಿತ್ತಲಿನ ಕೋಣೆಯಲ್ಲೇ ಇದ್ದವಳು. ಗಂಡ ತೀರಿಕೊಂಡಾಗ ಅವರಿವರಿಗೆ ಹೇಳಿ ಅವಳನ್ನು ಅಲ್ಲಿಗೆ ಸೇರಿಸಿದ್ದು ನಾನೇ. ಇಬ್ಬರು ಮಕ್ಕಳು ಅಲ್ಲೇ ಓದುತ್ತಿದ್ದಾರೆ.

ಹುಡುಗ ಕೆಟ್ಟವನಲ್ಲ. ಕನಿಷ್ಠ ಕೂಲಿಯನ್ನು ವಲಯವಾರು ನಿಗದಿಪಡಿಸುವುದು ನಮ್ಮ ರಾಜ್ಯದಲ್ಲಿ ಬಂದ ಪದ್ಧತಿ. ರಾಜಧಾನಿಗಿಂತ ತಾಲ್ಲೂಕು ಊರಿನಲ್ಲಿ ಕಡಿಮೆ. “ನಾವು ಹೋಗದಿದ್ದರೆ ಆರ್ಡರೇ ಬಾಂಗ್ಲಾದೇಶಕ್ಕೆ ಹೋಗುತ್ತೆ, ಆಗ ಯಾರಿಗೂ ಇಲ್ಲ” ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಹೂವಿನವಳನ್ನು ಬದಲಾಯಿಸಿದವಳು ನಾನೂ ತಾನೆ?

ಬಾಂಗ್ಲಾದೇಶದ ಕಥೆಯನ್ನು ಆಮೇಲೆ ಓದಿದೆ. ಬಡ ದೇಶಗಳು ಇಷ್ಟಿಷ್ಟೇ ಬಟ್ಟೆ ತಮಗೆ ಮಾರಬೇಕೆಂದು ಶ್ರೀಮಂತ ದೇಶಗಳು ಮಿತಿ ಹಾಕುವ ಒಪ್ಪಂದ 1974ರಲ್ಲಿ ಜಾರಿಗೆ ಬಂತು. ದಕ್ಷಿಣ ಕೊರಿಯಾದ ಪಾಲಿಗೆ ಮಿತಿಯಿತ್ತು, ಬಾಂಗ್ಲಾದೇಶಕ್ಕೆ ಆಗ ಇರಲಿಲ್ಲ. ಹಾಗಾಗಿ ಕೊರಿಯಾದ ಡೇವೂ ಕಂಪನಿ ಅಲ್ಲಿನ ‘ದೇಶ್ ಗಾರ್ಮೆಂಟ್ಸ್’ ಜೊತೆ ಕೈಜೋಡಿಸಿ, 1979ರಲ್ಲಿ 130 ಮಂದಿಯನ್ನು ಬುಸಾನಿಗೆ ಕರೆಸಿ ತರಬೇತಿ ಕೊಟ್ಟಿತು. ಹಾಗೆ ಕಲಿತ ಕೆಲಸ ದೇಶವೆಲ್ಲ ಹಬ್ಬಿತು. 2004ರ ಕೊನೆಗೆ ಮಿತಿ ಮುಗಿದರೂ ಕಾರ್ಖಾನೆಗಳು ನಿಂತವು. ಲಕ್ಷಾಂತರ ಹೆಂಗಸರು ಜೀವನದ ಮೊದಲ ಸಂಬಳ ಎಣಿಸಿದ್ದು ಅಲ್ಲಿ.

ಸತ್ತದ್ದೂ ಅಲ್ಲೇ. ಢಾಕಾ ಹತ್ತಿರದ ಸಾವಾರ್‌ನಲ್ಲಿ ರಾನಾ ಪ್ಲಾಜಾ ಕಟ್ಟಡ ಕುಸಿದದ್ದು 2013ರ ಏಪ್ರಿಲ್ 24ರಂದು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು; ಹೊಲಿಯುವವರನ್ನು ಮಾತ್ರ ಬೆಳಿಗ್ಗೆ ಒಳಗೆ ಕರೆದರು. 1,134 ಜನ ಸತ್ತರು.

ಅದಕ್ಕೆ ಮೊದಲೇ, 2012ರ ನವೆಂಬರಿನಲ್ಲಿ ತಾಜ್ರೀನ್ ಎಂಬ ಕಾರ್ಖಾನೆ ಹೊತ್ತಿ ಉರಿದು ನೂರಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಆ ಬಳಿಕ ಡಿಸ್ನಿ ಕಂಪನಿ ತನ್ನ ಹೆಸರಿನ ಸರಕು ಆ ದೇಶದಲ್ಲಿ ತಯಾರಾಗುವುದೇ ಬೇಡವೆಂದು ತೀರ್ಮಾನಿಸಿತು. ಓದಿದಾಗ ಸರಿ ಎನಿಸಿತು. ಮೋಸದ ಅಂಗಡಿಗೆ ಮತ್ತೆ ಕಾಲಿಡುತ್ತೇವೆಯೇ? ಆದರೆ ರಾನಾ ಪ್ಲಾಜಾ ಬಿದ್ದ ಮೇಲೆ ಯೂರೋಪಿನ ಹಲವು ಕಂಪನಿಗಳು ಬೇರೆಯೇ ದಾರಿ ಹಿಡಿದವು. ಕಾರ್ಮಿಕ ಸಂಘಗಳ ಜೊತೆ ಕರಾರಿಗೆ ಸಹಿ ಹಾಕಿ, ಕಟ್ಟಡಗಳ ತಪಾಸಣೆಗೆ ಒಪ್ಪಿ, ಅಲ್ಲಿಂದ ಖರೀದಿ ಮುಂದುವರಿಸುತ್ತೇವೆಂದೂ ಬರೆದುಕೊಟ್ಟವು. ಹೊರಟುಹೋದವರ ಕೈ ಚೊಕ್ಕಟವಾಯಿತು, ನಿಜ. ಬೀಗ ಹಾಕಿದ ಬಾಗಿಲ ಮುಂದೆ ನಿಂತ ಹೆಂಗಸಿಗೆ ಆ ಚೊಕ್ಕಟತನದಿಂದ ಏನು ಬಂತು? ದುಡಿಸಿಕೊಂಡವರಿಗೆ ಹೋಗುವ ಹಕ್ಕು ಇಲ್ಲವೆನ್ನಲಾರೆ. ಕಾರ್ಖಾನೆ ಬೆಂಗಳೂರಿನಲ್ಲೇ ಇರಬೇಕೆಂದರೆ ನಮ್ಮೂರ ಹುಡುಗಿಯರೇನು ಪಾಪ ಮಾಡಿದ್ದರು? ಆದರೆ ಬಿಟ್ಟುಹೋಗುವ ಊರಿನ ಋಣ ತೀರಿಸುವ ಖರ್ಚೂ ಹೊಸ ಜಾಗದ ಖರ್ಚಿಗೇ ಸೇರಬೇಕಲ್ಲವೇ? ಹುಡುಗನ ಪಟ್ಟಿಯಲ್ಲಿ ಆ ಅಂಕಣವಿತ್ತು, ಕಾನೂನು ಹೇಳುವಷ್ಟು. ಕಾರ್ಖಾನೆ ಮುಚ್ಚಿದರೆ ದುಡಿದ ವರ್ಷಕ್ಕೆ 15 ದಿನದ ಸಂಬಳ. 12 ವರ್ಷಕ್ಕೆ ಆರು ತಿಂಗಳದ್ದು, ಗ್ರಾಚುಯಿಟಿ, ಪಿ.ಎಫ್. ಬೇರೆ.

ಎರಡು ದಿನ ಸುಮ್ಮನಿದ್ದೆ. ಮಾತು ಕೊಟ್ಟಿದ್ದೆನಲ್ಲ, ಅದೂ ಮನೆ ಹುಡುಗನಿಗೆ. ಅವಳಿಗೆ ಮೊದಲೇ ಗೊತ್ತಾದರೆ ಮಕ್ಕಳ ಶಾಲೆಯ ಫೀಸು ಕಟ್ಟುವ ಮುಂಚೆ ಯೋಚಿಸಬಹುದು. ಎಲ್ಲರಿಗೂ ಹಬ್ಬಿದರೆ ಅವನ ಕೆಲಸಕ್ಕೇ ಸಂಚಕಾರ. ಮೂರನೆಯ ದಿನ ಫೋನು ಮಾಡಿ ಹೇಳಿಯೇಬಿಟ್ಟೆ. ಅವನಿಗೆ ಗೊತ್ತಾಗಿ ಈಗ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವನ ಸಿಟ್ಟು ತಪ್ಪೆಂದೂ ಹೇಳಲಾರೆ.

ಅವಳು ಅಳಲಿಲ್ಲ. ಯಾರ ಮೇಲೂ ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿಗೇ ಬರುತ್ತೆ ಅಂತೀರಲ್ಲ ಅಮ್ಮ, ಆ ಹಿತ್ತಲಿನ ಕೋಣೆ ಖಾಲಿ ಇದೆಯಾ? ಬಾಡಿಗೆ ಈಗೆಷ್ಟು?” ಎಂದು ಕೇಳಿದಳು.

ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದು ಫೋನು ಇಟ್ಟೆ.