ಆಣೆ ಇಟ್ಟ ಓಟು

ಗಂಜಾಂನ ನಿಮಿಷಾಂಬೆಯ ಎದುರಿಗೋ ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯಲ್ಲೋ ಕೈಮುಗಿದು ಆಡಿದ ಮಾತನ್ನು ಶ್ರೀರಂಗಪಟ್ಟಣ, ಪಾಂಡವಪುರ ಸೀಮೆಯ ಜನ ಹಗುರವಾಗಿ ಕಾಣುವುದಿಲ್ಲ. ಚುನಾವಣೆ ಬಂದಾಗ ಕೆಲವರ ಕಣ್ಣು ಬೀಳುವುದು ಇಂಥ ನಂಬಿಕೆಯ ಮೇಲೆಯೇ. ನೋಟಿನ ಜೊತೆಗೆ ದೇವರ ಪಟವೂ ಮನೆಬಾಗಿಲಿಗೆ ಬರುತ್ತದೆ, ಪಟ ಮುಟ್ಟಿಸಿ ಆಣೆ ಮಾಡಿಸಿಕೊಳ್ಳುತ್ತಾರೆ ಎಂಬ ದೂರು ರಾಜ್ಯದ ಹಲವೆಡೆಯಿಂದ ಕೇಳಿಬರುತ್ತಲೇ ಇದೆ.

ಹಾಗೆ ಇಟ್ಟ ಆಣೆಗೆ ಓಟುದಾರ ಕಟ್ಟುಬೀಳಬೇಕೇ?

ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಹುಲಿಯ ಬಾಯಿಗೆ ಸಿಕ್ಕಾಗ ಕೊಟ್ಟ ಮಾತೂ ಮಾತೇ. ಆದರೆ ಪುಣ್ಯಕೋಟಿ ಒತ್ತೆಯಿಟ್ಟದ್ದು ತನ್ನ ಪ್ರಾಣವನ್ನು, ದೊಡ್ಡಿಯ ಉಳಿದ ದನಗಳನ್ನಲ್ಲ. ಓಟಿನೊಳಗೆ ನೆರೆಹೊರೆಯವರ ಐದು ವರ್ಷವೂ ಇದೆ: ವಿಶ್ವೇಶ್ವರಯ್ಯ ನಾಲೆಯ ನೀರು, ಊರ ಶಾಲೆಗೆ ಬರಬೇಕಾದ ಮೇಷ್ಟ್ರು. ಪರರ ಪಾಲನ್ನು ಒತ್ತೆಯಿಡುವ ಹಕ್ಕು ಆಣೆ ಇಟ್ಟವನಿಗೆ ಎಲ್ಲಿಂದ ಬಂತು? ಮಹಾಭಾರತದ ಕರ್ಣಪರ್ವದಲ್ಲಿ, ಗಾಂಡೀವ ಬಿಟ್ಟುಕೊಡು ಎಂದವರನ್ನು ಕೊಲ್ಲುವೆನೆಂಬ ಪ್ರತಿಜ್ಞೆಗಾಗಿ ಅಣ್ಣ ಧರ್ಮರಾಯನ ಮೇಲೆಯೇ ಕತ್ತಿ ಹಿರಿದ ಅರ್ಜುನನನ್ನು ತಡೆದ ಕೃಷ್ಣ, ಕೌಶಿಕನ ಕಥೆ ಹೇಳುತ್ತಾನೆ. ಸುಳ್ಳಾಡಬಾರದೆಂದು ಅಡಗಿದವರ ಜಾಡನ್ನು ದರೋಡೆಕೋರರಿಗೆ ತೋರಿಸಿದ ಆ ತಪಸ್ವಿ ನರಕಕ್ಕೆ ಹೋದ.

1951ರ ಜನತಾ ಪ್ರಾತಿನಿಧ್ಯ ಕಾಯ್ದೆಗೂ ಇಂಥ ಆಣೆಯ ಒತ್ತಡ ಗೊತ್ತಿದೆ. ದೇವರ ಕೋಪ ತಟ್ಟೀತೆಂದು ಮತದಾರನನ್ನು ನಂಬಿಸುವುದು 123ನೇ ಸೆಕ್ಷನ್ ಪ್ರಕಾರ ಚುನಾವಣಾ ಅಕ್ರಮ. ಯಾರಿಗೆ ಓಟು ಹಾಕಿದೆ ಎಂದು ಬಾಯಿಬಿಡಿಸುವಂತಿಲ್ಲ ಎನ್ನುತ್ತದೆ 94ನೇ ಸೆಕ್ಷನ್.

ಹಣವನ್ನಾದರೆ ಚುನಾವಣಾ ಆಯೋಗದ ತಂಡಗಳು ಹಿಡಿದಾವು, ಮನೆಯೊಳಗಿನ ಆಣೆಯನ್ನು ಹಿಡಿಯುವುದು ಹೇಗೆ? 1950ರ ಜನವರಿ 25ರಂದು, ಗಣರಾಜ್ಯಕ್ಕೆ ಒಂದು ದಿನ ಮೊದಲು ಹುಟ್ಟಿದ ಆಯೋಗ ಕೊಡಬಲ್ಲದ್ದು ಓಟಿನ ಗುಟ್ಟು ಕಾಯುವ ಒಂದು ಮರೆಯನ್ನು. ಆ ಮರೆಯನ್ನು ಜನ ನಂಬಬೇಕಾದರೆ ಆಯೋಗ ಯಾರ ಹಂಗಿನಲ್ಲೂ ಇರಬಾರದು. ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿ ಇರಲಿ ಎಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ವರ್ಷದ ಡಿಸೆಂಬರಿನ ಕಾಯ್ದೆ ಆ ಜಾಗಕ್ಕೆ ಕೇಂದ್ರ ಮಂತ್ರಿಯೊಬ್ಬರನ್ನು ತಂದಿತು. ಇದು ಆತಂಕದ ಮಾತೇ.

ಶಾಲೆಯ ಕೊಠಡಿ. ಎಡಗೈ ತೋರುಬೆರಳಿಗೆ, 1962ರಿಂದ ದೇಶಕ್ಕೆಲ್ಲ ಮೈಸೂರಿನ ಕಾರ್ಖಾನೆಯಿಂದ ಹೋಗುವ ಶಾಯಿ. ರಟ್ಟಿನ ಮರೆಯ ಹಿಂದೆ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಗಾಜಿನ ಹಿಂದೆ ಏಳು ಸೆಕೆಂಡು ನಿಂತು ಬೀಳುವ ಚೀಟಿ. ಬೆಂಚಿನ ಮೇಲೆ ಕೂತ ಏಜೆಂಟರಿಗೆ ಬೀಪ್ ಸದ್ದು ಮಾತ್ರ ಕೇಳಿಸುತ್ತದೆ.