ಆಟದಲ್ಲಿ ಕದ್ದ ಔಷಧಿ

ಆಟವೆಂದರೆ ಮನಸ್ಸನ್ನು ಹಗುರಗೊಳಿಸುವಂಥದ್ದು ಎಂಬುದು ಸಾಮಾನ್ಯ ನಂಬಿಕೆ. ಆದರೆ ಆಡುವವರ ಮನಸ್ಸಿನ ಮೇಲೆ ಭಾರ ಹೇರಲೆಂದೇ ರೂಪಿಸಿದ ವೀಡಿಯೋ ಗೇಮ್‌ಗಳೂ ಇವೆ. ಪೋಲೆಂಡಿನ '11 ಬಿಟ್ ಸ್ಟುಡಿಯೋಸ್' 2014ರಲ್ಲಿ ಹೊರತಂದ 'ದಿಸ್ ವಾರ್ ಆಫ್ ಮೈನ್' ಅಂಥದ್ದೊಂದು. ಇಂಥ ಆಟದಿಂದ ಹುಟ್ಟುವ ದುಃಖಕ್ಕೆ ನೈತಿಕವಾಗಿ ಏನಾದರೂ ಬೆಲೆಯಿದೆಯೇ?

ಯುದ್ಧದ ಆಟಗಳಲ್ಲಿ ಹೆಚ್ಚಾಗಿ ನಾವು ಸೈನಿಕರಾಗಿರುತ್ತೇವೆ. ಇಲ್ಲಿ ಮಾತ್ರ ಮುತ್ತಿಗೆಗೆ ಸಿಲುಕಿದ ನಗರವೊಂದರ ಹಾಳು ಮನೆಯಲ್ಲಿ ಜೀವ ಹಿಡಿದುಕೊಂಡಿರುವ ಸಾಮಾನ್ಯ ಜನರು. ಹಗಲು ಹೊರಬಂದರೆ ಗುಂಡೇಟು. ಆದ್ದರಿಂದ ರಾತ್ರಿ ಒಬ್ಬರು ಆಹಾರ, ಔಷಧಿ, ಸೌದೆ ಹುಡುಕಿ ಹೊರಡಬೇಕು. ಇದು ಬರಿಯ ಕಲ್ಪನೆಯಲ್ಲ. ಬೋಸ್ನಿಯಾದ ರಾಜಧಾನಿ ಸರಾಯೆವೊ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ 1,425 ದಿನಗಳ ಕಾಲ ಅನುಭವಿಸಿದ ಮುತ್ತಿಗೆಯೇ ಈ ಆಟಕ್ಕೆ ಪ್ರೇರಣೆ. ಅಲ್ಲಿನ ಜನ ಗುಂಡುಗಳ ನಡುವೆ ಓಡಿ ನೀರು ತಂದರು, ಚಳಿಗೆ ಮನೆಯ ಪೀಠೋಪಕರಣಗಳನ್ನೇ ಉರಿಸಿದರು.

ಆಟದಲ್ಲಿ ವೃದ್ಧ ದಂಪತಿಗಳ ಒಂದು ಮನೆ ಬರುತ್ತದೆ. ಅವರ ಕೈಯಲ್ಲಿ ಆಯುಧವಿಲ್ಲ, ಬೇಡಿಕೊಳ್ಳುವುದೊಂದೇ ಅವರಿಗೆ ಗೊತ್ತು. ಅವರ ಔಷಧಿಯನ್ನು ಹೊತ್ತು ತಂದರೆ ನಮ್ಮ ಮನೆಯ ರೋಗಿ ಉಳಿಯಬಹುದು. ಆದರೆ ಕದ್ದು ತಂದಾತ ಮಂಕಾಗಿ ಕೂರುತ್ತಾನೆ. ಆಟವು ನಮಗೆ ಬೇರಾವ ಉಪದೇಶವನ್ನೂ ಮಾಡುವುದಿಲ್ಲ.

ಕಾದಂಬರಿ ಓದುವಾಗ, ಸಿನಿಮಾ ನೋಡುವಾಗ ನಾವು ಇನ್ನೊಬ್ಬರ ತಪ್ಪಿಗೆ ಕಣ್ಣೀರಿಡುತ್ತೇವೆ. ಇಲ್ಲಿ ಕೈ ನಮ್ಮದೇ. 'ಆದರೆ ನಿಜವಾಗಿ ಯಾರ ಔಷಧಿಯೂ ಕಳುವಾಗಲಿಲ್ಲವಲ್ಲ?' ಎಂದು ಯಾರಾದರೂ ಕೇಳಬಹುದು. ಸರಿಯೇ. ಗುಂಡಿ ಒತ್ತಿದ್ದು ಪಾಪವಲ್ಲ, ಆಮೇಲೆ ಮರುಗಿದ್ದು ಪುಣ್ಯವೂ ಅಲ್ಲ. ಆದರೆ ಗುಂಡಿ ಒತ್ತುವಾಗ ಮನಸ್ಸು ಹೂಡಿದ ವಾದಗಳು ಸುಳ್ಳಲ್ಲ. 'ಅವರಿಗೆ ಹೇಗೂ ವಯಸ್ಸಾಯಿತು', 'ನಾವು ತೆಗೆದುಕೊಳ್ಳದಿದ್ದರೆ ಇನ್ನೊಬ್ಬರು ಒಯ್ಯುತ್ತಾರೆ', 'ನಮ್ಮವರಿಗಾಗಿ ತಾನೇ ಮಾಡಿದ್ದು?' ಮನುಷ್ಯರು ಹೊರಗಿನ ಬದುಕಿನಲ್ಲಿ ಅನ್ಯಾಯ ಮಾಡುವಾಗ ಆಡುವ ಮಾತುಗಳೂ ಇವೇ. ಇಂಥ ವಾದಗಳು ಎಷ್ಟು ಬೇಗ ನಾಲಿಗೆಗೆ ಬರುತ್ತವೆಂದು ಕಂಡುಕೊಂಡವರು, ಹಸಿವಿನಿಂದ ಕದ್ದವನ ಕುರಿತು ತೀರ್ಪು ಕೊಡುವ ಮುನ್ನ ಒಂದು ಕ್ಷಣ ತಡೆದಾರು. ಈ ದುಃಖದ ಬೆಲೆ ಇರುವುದು ಅಲ್ಲಿ.

ಅಪಾಯವೂ ಇದೆ. ಅತ್ತು ಮುಗಿಸಿದ ಮೇಲೆ ಕರ್ತವ್ಯವೇ ಮುಗಿಯಿತೆಂಬ ನೆಮ್ಮದಿ ಬಂದುಬಿಡುತ್ತದೆ. ನಮಗೆ ಆಟವನ್ನು ನಿಲ್ಲಿಸುವ ಸ್ವಾತಂತ್ರ್ಯವಿದೆ. ಸರಾಯೆವೊದ ತಾಯಂದಿರಿಗೆ ಅದಿರಲಿಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿದಾಗ ಈ ಆಟದ ತಯಾರಕರು ಒಂದು ವಾರ ಅದರಿಂದ ಬಂದ ಆದಾಯವನ್ನು ಉಕ್ರೇನಿನ ರೆಡ್ ಕ್ರಾಸ್‌ಗೆ ಕೊಟ್ಟರು. ಮರುಕವು ಕಾರ್ಯಕ್ಕೆ ಇಳಿಯುವುದೆಂದರೆ ಹೀಗೆ.

ಪರದೆಯ ಮೇಲಿನ ವೃದ್ಧರಿಗಾಗಿ ಮರುಗುವುದು ಸುಲಭ, ಏಕೆಂದರೆ ಅವರು ನಮ್ಮಿಂದ ಏನನ್ನೂ ಕೇಳುವುದಿಲ್ಲ. ನಮ್ಮದೇ ಬೀದಿಯಲ್ಲಿ ಔಷಧಿಗೆ ದುಡ್ಡಿಲ್ಲದೆ ಕುಳಿತವರು ಕೇಳುತ್ತಾರೆ. ಆಟ ಕೊಟ್ಟ ಭಾರವು ನಮ್ಮನ್ನು ಅವರ ಬಾಗಿಲಿನವರೆಗೆ ನಡೆಸದಿದ್ದರೆ, ಅದೂ ಒಂದು ಮನರಂಜನೆಯಷ್ಟೇ.